ತುಪ್ಪದ ಡಬ್ಬದ ಆಂಟೆನಾ, ಮೂರನೇ ಕಂತು: ರಾತ್ರಿ ಒಂಬತ್ತರ ಸಿಗ್ನಲ್

ಹೋದ ಸಲ ಬರೆದಾಗ ಹಾರ್ನ್, ಅಂದರೆ ಆಕಾಶದ ರೇಡಿಯೋ ಅಲೆ ಹಿಡಿಯುವ ಅಗಲ ಬಾಯಿಯ ಆಂಟೆನಾ, ಅರ್ಧ ಆಗಿತ್ತು. ಈಗ ಪೂರ್ತಿ ಆಗಿ ಮಹಡಿ ಮೇಲೆ ನಿಂತಿದೆ, ಒಂದು ಸಲ ಮಳೆಯಲ್ಲೂ ನೆನೆದಿದೆ. ಪಕ್ಕದ ಮನೆಯವರು "ಏನ್ ಸಾರ್, ಹೊಸ ಡಿಶ್ ಹಾಕಿಸಿದ್ರಾ?" ಅಂತ ಕೇಳಿದರು. ಹೂಂ ಅಂದು ಸುಮ್ಮನಾದೆ.

ಮೊದಲ ಕಂತು ಓದದವರಿಗೆ ಎರಡು ಮಾತು. ಹೈಡ್ರೋಜನ್ ಪರಮಾಣು ತಾನಾಗಿಯೇ 1420.4 ಮೆಗಾಹರ್ಟ್ಜ್‌ನಲ್ಲಿ ಒಂದು ರೇಡಿಯೋ ಅಲೆ ಬಿಡುತ್ತದೆ. ಒಂದೇ ಪರಮಾಣುವನ್ನು ಕಾಯುತ್ತಾ ಕೂತರೆ ಸುಮಾರು ಒಂದು ಕೋಟಿ ವರ್ಷ ಬೇಕು, ಆದರೆ ಆಕಾಶಗಂಗೆಯಲ್ಲಿ ಹೈಡ್ರೋಜನ್ ಎಷ್ಟು ಜಾಸ್ತಿ ಅಂದರೆ ಆ ಸದ್ದು ನಿಲ್ಲುವುದೇ ಇಲ್ಲ. ರೇಡಿಯೋ ಗೊತ್ತಿರುವ ಯಾವ ಲೋಕದವರಿಗೂ ಈ ಸಂಖ್ಯೆ ಗೊತ್ತಿರಲೇಬೇಕು, ಹಾಗಾಗಿ ಅವರು ಕೂಗುವುದಾದರೆ ಇದರ ಹತ್ತಿರವೇ ಕೂಗಬಹುದು ಅಂತ ಕೊಕೊನಿ ಮತ್ತು ಮಾರಿಸನ್ ಎಂಬ ಭೌತವಿಜ್ಞಾನಿಗಳು 1959ರಲ್ಲಿ ಬರೆದರು. ಮರುವರ್ಷವೇ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ 26 ಮೀಟರ್ ಡಿಶ್ ಅನ್ನು ಎರಡು ನಕ್ಷತ್ರಗಳ ಕಡೆ ತಿರುಗಿಸಿ ಕೂತರು. ಏನೂ ಸಿಗಲಿಲ್ಲ. ನನ್ನ ಹಾರ್ನ್ ಬಾಯಿ 75 ಸೆಂಮೀ ಅಗಲ, 60 ಸೆಂಮೀ ಎತ್ತರ. ಆ ಡಿಶ್‌ನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹೈಡ್ರೋಜನ್ ಕೇಳಿಸಿದರೆ ಸಾಕು ಅಂತ ಶುರು ಮಾಡಿದ್ದು. ಏಲಿಯನ್ ಆಸೆ ಇಲ್ಲವೇ ಇಲ್ಲ ಅಂದರೆ ಅದೂ ಸುಳ್ಳು.

ಕಟ್ಟಿದ್ದು ಹೀಗೆ. ಬೇಕರಿಯಿಂದ ತಂದ ತುಪ್ಪದ ಖಾಲಿ ಡಬ್ಬ, ಅಡ್ಡಳತೆ 15 ಸೆಂಮೀ. 12.4ಕ್ಕಿಂತ ಸಣ್ಣದಾದರೆ ಈ ಅಲೆ ಒಳಗೆ ಹೋಗುವುದೇ ಇಲ್ಲ, ಅದಕ್ಕೆ ಹಾಲಿನ ಪುಡಿ ಡಬ್ಬ ಆಗಲಿಲ್ಲ. ಒಳಗೆ 5.3 ಸೆಂಮೀ ತಾಮ್ರದ ತಂತಿ, ತಳದಿಂದ 9 ಸೆಂಮೀ ಚಿಲ್ಲರೆ ದೂರದಲ್ಲಿ. ಮುಂದೆ ರಟ್ಟಿನ ಹಾರ್ನ್, ಒಳಗಡೆ ಚಪಾತಿ ಸುತ್ತುವ ಫಾಯಿಲ್. ಡಬ್ಬಕ್ಕೆ ಅಂಟಿಕೊಂಡಂತೆ ಆಂಪ್ಲಿಫೈಯರ್, ಆಮೇಲೆ ಯುಎಸ್‌ಬಿ ರೇಡಿಯೋ ಡಾಂಗಲ್, ಲ್ಯಾಪ್‌ಟಾಪ್. ತುಪ್ಪದ ವಾಸನೆ ಇನ್ನೂ ಹೋಗಿಲ್ಲ, ಇರುವೆ ಬರುತ್ತಿವೆ.

ಅಕ್ಟೋಬರ್ ಮೊದಲ ವಾರ ಮೋಡ ಹರಿದಿತ್ತು. ಮೋಡ ಇದ್ದರೂ ರೇಡಿಯೋಗೆ ಏನಾಗಲ್ಲ, ತೊಂದರೆ ಏನಿದ್ದರೂ ರಟ್ಟಿಗೆ. ಉತ್ತರಕ್ಕೆ ಸುಮಾರು 60 ಡಿಗ್ರಿ ಮೇಲೆ, ರಾಜಹಂಸ ನಕ್ಷತ್ರಪುಂಜದ ಕಡೆ ತಿರುಗಿಸಿಟ್ಟೆ. ಸರಿಯಾಗಿ 9 ಗಂಟೆಗೆ ಪರದೆ ಮೇಲೆ ಸೂಜಿ ಹಾಗೆ ಒಂದು ಗೆರೆ ಎದ್ದಿತು. 1420ರ ಪಕ್ಕದಲ್ಲೇ! ಹತ್ತು ನಿಮಿಷ ಇತ್ತು, ಮಾಯವಾಯಿತು, ಮತ್ತೆ ಬಂತು. ನಿಜ ಹೇಳ್ತೀನಿ, ಕೈ ನಡುಗಿತು. 1400ರಿಂದ 1427 ಮೆಗಾಹರ್ಟ್ಜ್ ಖಗೋಳದವರಿಗೆ ಮೀಸಲು, ಅಲ್ಲಿ ಯಾರೂ ಪ್ರಸಾರ ಮಾಡುವ ಹಾಗಿಲ್ಲ, ಅಲ್ವಾ?

ಆಗ ನೆನಪಾಗಿದ್ದು ಅಮೆರಿಕದ ಓಹಾಯೋದಲ್ಲಿದ್ದ ಬಿಗ್ ಇಯರ್ ರೇಡಿಯೋ ಟೆಲಿಸ್ಕೋಪ್. 1977ರ ಆಗಸ್ಟ್ 15ರಂದು ಅಲ್ಲಿ ಸಿಕ್ಕ ಸಿಗ್ನಲ್ 72 ಸೆಕೆಂಡ್ ಏರಿ ಇಳಿಯಿತು. ಭೂಮಿ ತಿರುಗುವಾಗ ಆ ಟೆಲಿಸ್ಕೋಪ್ ಮುಂದೆ ಆಕಾಶದ ಒಂದು ಚುಕ್ಕಿ ಹಾದುಹೋಗಲು ಬೇಕಾದಷ್ಟೇ ಹೊತ್ತು ಅದು. ಅದು ಅಚ್ಚಾಗಿ ಬಂದ ಕಾಗದದ ಮೇಲೆ ಅಲ್ಲಿನ ಖಗೋಳವಿಜ್ಞಾನಿ ಜೆರ್ರಿ ಎಹ್ಮನ್ 'ವಾವ್' ಅಂತ ಬರೆದಿದ್ದು ಸುಮ್ನೆ ಅಲ್ಲ. ನನ್ನ ಹಾರ್ನ್ ಸುಮಾರು 20 ಡಿಗ್ರಿ ಅಗಲ ನೋಡುತ್ತದೆ, ಆಕಾಶದ ವಸ್ತು ಆದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಇದೋ, ಸ್ವಿಚ್ ಹಾಕಿದ ಹಾಗೆ ಬಂತು, ಹೋಯಿತು.

ಮತ್ತೂ ಒಂದು ಪರೀಕ್ಷೆ ಇದೆ. ನಕ್ಷತ್ರಗಳು ದಿನಾ 4 ನಿಮಿಷ ಮುಂಚೆ ಬರುತ್ತವೆ. ನಾನು ಐದು ದಿನ ಬರೆದಿಟ್ಟೆ: ಸೋಮವಾರ 9:00, ಮಂಗಳವಾರ 9:00, ಬುಧವಾರ 9:01, ಗುರುವಾರ 9:00, ಶುಕ್ರವಾರ 9:00. ಶನಿವಾರ, ಭಾನುವಾರ ಇಲ್ಲವೇ ಇಲ್ಲ. ವಾರದ ರಜೆ ತಗೊಳ್ಳೋ ಏಲಿಯನ್ ಎಲ್ಲಿದ್ದಾನೆ?

ಅಮ್ಮ ನೋಡುವ ಒಂಬತ್ತರ ಸೀರಿಯಲ್! ಟಿವಿ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ ಇಳಿಯುವ ಕೇಬಲ್‌ನಲ್ಲಿ ಓಡುವುದು 950ರಿಂದ 2150 ಮೆಗಾಹರ್ಟ್ಜ್, ನಮ್ಮ 1420 ಅದರ ನಡುವೆಯೇ ಬರುತ್ತದೆ. ತಂಗಿಯನ್ನು ಫೋನ್‌ನಲ್ಲಿ ಹಿಡಿದುಕೊಂಡು ಪರೀಕ್ಷೆ ಮಾಡಿದೆ. ಜಾಹೀರಾತು ಬಂದಾಗ ಅಮ್ಮ ಬೇರೆ ಚಾನಲ್ ಹಾಕಿದರು, ಗೆರೆ ಮಾಯ. ವಾಪಸ್ ಬಂದರು, ಗೆರೆ ಹಾಜರ್. ಬಾಕ್ಸ್ ಒಳಗಿನ ಟ್ಯೂನರ್ ಸದ್ದು ಕೇಬಲ್ ಹತ್ತಿ ಮಹಡಿವರೆಗೂ ಬರುತ್ತಿತ್ತು. ಮೇಲೆ ಕನೆಕ್ಟರ್ ತುಕ್ಕು ಹಿಡಿದು ಬಿರುಕು ಬಿಟ್ಟಿತ್ತು, ಸೋರುತ್ತಿದ್ದುದು ಅಲ್ಲಿಂದ. ಹೊಸದು ಹಾಕಿ ಟೇಪ್ ಸುತ್ತಿದೆ. ಈಗ ಗೆರೆ ಕಾಣುವುದೇ ಕಷ್ಟ.

ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪ್‌ನವರಿಗೂ ವರ್ಷಗಟ್ಟಲೆ ಇಂಥದ್ದೇ ಕಾಟ ಇತ್ತು, 2015ರಲ್ಲಿ ನೋಡಿದರೆ ಓಡುತ್ತಿರುವ ಮೈಕ್ರೋವೇವ್ ಒಲೆಯ ಬಾಗಿಲನ್ನು ಯಾರೋ ಮುಂಚೆಯೇ ತೆಗೆಯುತ್ತಿದ್ದರು. ಸ್ವಲ್ಪ ಸಮಾಧಾನ ಆಯಿತು.

ಗೆರೆ ಹೋದ ಮೇಲೆ 20 ನಿಮಿಷದ ರೆಕಾರ್ಡಿಂಗ್ ಸರಾಸರಿ ಮಾಡಿದೆ. ಹಾರ್ನ್ ಅನ್ನು ಬೇರೆ ಕಡೆ ತಿರುಗಿಸಿ ತೆಗೆದದ್ದನ್ನು ಅದರಿಂದ ಕಳೆದೆ. ಉಳಿದದ್ದು ಹೈಡ್ರೋಜನ್‌ನ ಒಂದು ದಿಬ್ಬ, ಅದರ ಬಲಕ್ಕೆ ಸುಮಾರು 200 ಕಿಲೋಹರ್ಟ್ಜ್ ದೂರದಲ್ಲಿ ಇನ್ನೊಂದು ಪುಟ್ಟ ದಿಬ್ಬ. ನಮ್ಮ ಕಡೆ ಬರುವ ವಸ್ತುವಿನ ಅಲೆ ಬಲಕ್ಕೆ, ಹೆಚ್ಚಿನ ಮೆಗಾಹರ್ಟ್ಜ್ ಕಡೆ ಸರಿಯುತ್ತದೆ. ಅಂದರೆ ಆ ಎರಡನೇ ಹೈಡ್ರೋಜನ್ ಮೋಡ ಸೆಕೆಂಡಿಗೆ 40 ಕಿಮೀ ಆಸುಪಾಸಿನ ವೇಗದಲ್ಲಿ ನಮ್ಮ ಕಡೆ ಬರುತ್ತಿದೆ. ಭೂಮಿಯ ಓಟವನ್ನು ಇನ್ನೂ ಲೆಕ್ಕದಿಂದ ಕಳೆದಿಲ್ಲ, ಹಾಗಾಗಿ ಈ ಸಂಖ್ಯೆ ಬದಲಾಗುತ್ತದೆ. ಅಮ್ಮನಿಗೆ ತೋರಿಸಿದೆ. "ಇಷ್ಟೇನಾ? ಮಾತಾಡಲ್ವಾ?" ಅಂದರು.

ಮುಂದಿನ ವಾರ ಹಾರ್ನ್‌ಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಕು. ಇರುವೆಗೂ ಏನಾದರೂ ಮಾಡಬೇಕು.