ನೋಡದೇ ಹಿಡಿದ ಕಪ್

ಮಾರ್ಚ್ 12, 2024, ಮಂಗಳವಾರ

ಇವತ್ತು ಎರಡು ಪ್ಲಾಸ್ಟಿಕ್ ಕಪ್ ಅಪ್ಪಚ್ಚಿ ಮಾಡಿದೆ. ಮೂರನೆಯದು ಉಳಿಯಿತು. ಅದೂ ನಾನು ಕಿಟಕಿಯಾಚೆ ನೋಡುತ್ತಿದ್ದಾಗ!

ನನ್ನ ಕೃತಕ ಮೋಟಾರ್ ಕೈ ಸ್ನಾಯುವಿನ ಮಾತು ಕೇಳುತ್ತದೆ. ಮೊಣಕೈ ಕೆಳಗೆ ಉಳಿದಿರುವ ಸ್ನಾಯು ಬಿಗಿ ಮಾಡಿದರೆ ಸಣ್ಣ ವಿದ್ಯುತ್ ಸಿಗ್ನಲ್ ಹುಟ್ಟುತ್ತದೆ. ಸಾಕೆಟ್ ಅಂದರೆ ತುಂಡುಗೈ ತೂರಿಸುವ ಗೂಡು; ಅದರೊಳಗಿನ ಎಲೆಕ್ಟ್ರೋಡ್ ಆ ಸಿಗ್ನಲ್ ಹಿಡಿಯುತ್ತದೆ, ಬೆರಳು ಮುಚ್ಚುತ್ತದೆ. ಆದರೆ ಎಷ್ಟು ಒತ್ತಿದೆ ಅಂತ ಕೈ ನನಗೆ ವಾಪಸ್ ಹೇಳುವುದೇ ಇಲ್ಲ. ಹಾಗಾಗಿ ಕಣ್ಣು ಸದಾ ಬೆರಳ ಮೇಲೇ. ಕಿವಿಯೂ ಸ್ವಲ್ಪ ನೆರವಾಗುತ್ತದೆ, ವಸ್ತು ಸಿಕ್ಕಾಗ ಮೋಟಾರಿನ ಸದ್ದು ಬದಲಾಗುತ್ತದಲ್ಲ. ಗಲಾಟೆ ಜಾಸ್ತಿ ಇದ್ದರೆ ಅದೂ ಇಲ್ಲ. ಈ ವಿಷಯದಲ್ಲಿ, ಭುಜದಿಂದ ಕೇಬಲ್ ಎಳೆದು ನಡೆಸುತ್ತಿದ್ದ ನನ್ನ ಹಳೆಯ ಕೊಕ್ಕೆ ಕೈಯೇ ವಾಸಿಯಿತ್ತು. ಎಷ್ಟು ಎಳೆದೆ ಅಂತ ಭುಜದ ಪಟ್ಟಿಯಲ್ಲೇ ಗೊತ್ತಾಗುತ್ತಿತ್ತು.

ಇವತ್ತು ಥೆರಪಿಸ್ಟ್ ತೋಳಿಗೆ ಒಂದು ಪಟ್ಟಿ ಕಟ್ಟಿದರು. ಅದರಲ್ಲಿ ಫೋನಿನಲ್ಲಿರುವಂಥ ಪುಟ್ಟ ವೈಬ್ರೇಟರ್. ಮೊದಲು, ಹಿಡಿತ ಬಿಗಿಯಾದಷ್ಟೂ ಜೋರಾಗಿ ಗುಂಯ್‌ಗುಟ್ಟುವ ಹಾಗೆ ಇಟ್ಟರು. ಸುಮ್ನೆ ಕಿರಿಕಿರಿ. ಸ್ವಲ್ಪ ಹೊತ್ತಿಗೆ ಚರ್ಮ ಅದನ್ನು ಮರೆತೇಬಿಟ್ಟಿತು, ಹಾಕಿಕೊಂಡ ಬಟ್ಟೆಯನ್ನು ಮರೆಯುವ ಹಾಗೆ. ಎರಡು ಕಪ್ ಹೋದದ್ದು ಆಗಲೇ.

ಆಮೇಲೆ ಬದಲಿಸಿದರು. ಬೆರಳು ತಾಗಿದಾಗ ಒಂದು 'ಟಕ್', ಬಿಟ್ಟಾಗ ಇನ್ನೊಂದು 'ಟಕ್'. ನಡುವೆ ಏನೂ ಇಲ್ಲ. ನಿಜವಾದ ಬೆರಳಲ್ಲೂ ಮುಟ್ಟಿದ ಮತ್ತು ಬಿಟ್ಟ ಕ್ಷಣಕ್ಕೆ ಮಾತ್ರ ಎಚ್ಚರಗೊಳ್ಳುವ ನರಗಳಿವೆಯಂತೆ. ಟಕ್ ಅಂದ ಕೂಡಲೇ ಸ್ನಾಯು ಸಡಿಲ ಬಿಟ್ಟೆ. ಕಪ್ ಹಾಗೇ ನಿಂತಿತು.

ನರದೊಳಗೇ ಎಲೆಕ್ಟ್ರೋಡ್ ಇಡುವ ಪ್ರಯೋಗಗಳೂ ನಡೆದಿವೆ. 2014ರಲ್ಲಿ ಪ್ರಕಟವಾದ ಒಂದರಲ್ಲಿ ಡೆನ್ಮಾರ್ಕಿನವರೊಬ್ಬರು ಕಣ್ಣು ಕಟ್ಟಿಕೊಂಡೇ ವಸ್ತು ಗಟ್ಟಿಯೋ ಮೆತ್ತಗೋ ಹೇಳಿದ್ದರು. ಅದಕ್ಕೆ ಆಪರೇಷನ್ ಬೇಕು. ನನಗೆ ಸದ್ಯಕ್ಕೆ ಟಕ್ ಸಾಕು.

ಕೊನೆಗೆ ಕೈ ಬಿಚ್ಚಿಟ್ಟು, ವೈಬ್ರೇಟರನ್ನು ಸುಮ್ನೆ ತುಂಡುಗೈಯ ತುದಿಯಲ್ಲಿ ಅಲ್ಲಿ ಇಲ್ಲಿ ಒತ್ತಿ ನೋಡಿದೆವು. ಒಂದು ಜಾಗದಲ್ಲಿ ಬೆಚ್ಚಿಬಿದ್ದೆ. ಟಕ್ ಅಂದದ್ದು ಚರ್ಮದಲ್ಲಲ್ಲ, ಇಲ್ಲದ ಹೆಬ್ಬೆರಳಲ್ಲಿ! ಅರ್ಧ ಇಂಚು ಸರಿಸಿದರೆ ಹೋಯಿತು, ವಾಪಸ್ ತಂದರೆ ಬಂತು. ಸಾಕೆಟ್ ಒಳಗೆ ಅಲ್ಲಿ ವೈಬ್ರೇಟರ್ ಕೂರಿಸಲು ಜಾಗ ಆಗುತ್ತದಾ ಅಂತ ನಾಳೆ ನೋಡುತ್ತಾರೆ. ಬಾಲ್ ಪೆನ್ನಿನಲ್ಲಿ ಒಂದು ಗುರುತು ಹಾಕಿಕೊಂಡು ಬಂದಿದ್ದೇನೆ. ಬೆಳಿಗ್ಗೆ ಸ್ನಾನ ಮಾಡುವಾಗ ಅದು ಅಳಿಸಿಹೋಗದಿದ್ದರೆ ಸರಿ.