ಎರಡು ಊರಲ್ಲಿ ಬಿಡಾರ, ನಾಲ್ಕು ದೇಶ: ಅಮ್ಮ, ಮಗಳ ಜೊತೆ ಜರ್ಮನಿ ಸುತ್ತಿದ್ದು

ಜರ್ಮನಿಗೆ ಹೋಗೋಣ ಅಂತ ಮಾತು ಬಂದಾಗ ಮೊದಲು ಕೈಗೆ ಸಿಕ್ಕಿದ್ದು ಹತ್ತು ದಿನಕ್ಕೆ ಏಳು ದೇಶ ತೋರಿಸುವ ಪ್ಯಾಕೇಜ್. ದಿನಾ ಬೆಳಿಗ್ಗೆ ಏಳಕ್ಕೆ ಬಸ್ಸು, ದಿನಾ ಹೊಸ ಹೋಟೆಲ್ಲು. ಅಮ್ಮನಿಗೆ 68, ಮಂಡಿನೋವು ಬೇರೆ. ಮಗಳಿಗೆ ಏಳು ವರ್ಷ. ಅದು ಆಗೋ ಮಾತಲ್ಲ ಅಂತ ನಾವೇ ಕೂತು ಲೆಕ್ಕ ಹಾಕಿದೆವು. ಫ್ರೈಬುರ್ಗ್‌ನಲ್ಲಿ ಆರು ರಾತ್ರಿ, ಲಿಂಡಾವ್‌ನಲ್ಲಿ ಐದು, ಕೊನೆಗೆ ಮ್ಯೂನಿಕ್‌ನಲ್ಲಿ ಎರಡು. ಮೊದಲಿನ ಎರಡೂ ಊರು ಗಡಿಗೆ ಹತ್ತಿರ. ಹಾಗಾಗಿ ಜರ್ಮನಿಯ ಜೊತೆ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಕೂಡ ಆಯಿತು. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಅಮ್ಮನಿಗೆ ಆಗಲ್ಲ ಅನ್ನಿಸಿದ ದಿನ ಸುಮ್ನೆ ಮನೆಯಲ್ಲೇ ಇದ್ದೆವು.

ನಮ್ಮ ಮಕ್ಕಳ ರಜೆ ಏಪ್ರಿಲ್, ಮೇ. ಅಲ್ಲಿ ಏಪ್ರಿಲ್‌ನಲ್ಲಿ ಇನ್ನೂ ಚಳಿ. ಅದಕ್ಕೆ ಮೇ ಮಧ್ಯ ಹಿಡಿಯಿರಿ. ನಾವು 2025ರ ಮೇ 11ಕ್ಕೆ ಇಳಿದೆವು. ಸ್ವೆಟರ್, ಛತ್ರಿ ಎರಡೂ ಬೇಕಾಯಿತು. ರಾತ್ರಿ ಒಂಬತ್ತರ ತನಕ ಬೆಳಕಿರುವುದರಿಂದ ಬೆಳಿಗ್ಗೆ ಓಡುವ ಅವಸರವೇ ಇರಲಿಲ್ಲ.

ನಾಲ್ಕೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು. ಜಾಸ್ತಿ ದಿನ ಎಲ್ಲಿ ಇರ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಆರು ತಿಂಗಳು ಮುಂಚೆಯಿಂದಲೇ ಹಾಕಬಹುದು, ಕಡೆಯ ಗಳಿಗೆಗೆ ಬಿಡಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಕೊಡುವ ಪ್ರಯಾಣ ವಿಮೆ ಕಡ್ಡಾಯ. ವಿಮಾನದಲ್ಲಿ ಹೋಗುವುದು ಫ್ರಾಂಕ್‌ಫರ್ಟ್‌ಗೆ, ಬರುವುದು ಮ್ಯೂನಿಕ್‌ನಿಂದ ಅಂತ ಬುಕ್ ಮಾಡಿ. ಎರಡು ಕಡೆಯಿಂದಲೂ ಬೆಂಗಳೂರಿಗೆ ನೇರ ವಿಮಾನ ಇದೆ. ವಾಪಸ್ ಫ್ರಾಂಕ್‌ಫರ್ಟ್‌ಗೆ ಹೋಗುವ ಒಂದು ದಿನ ಉಳಿಯುತ್ತದೆ.

ಈಗ ರೈಲಿನ ವಿಷಯ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದಿದೆ. ನಾವು ಹೋದಾಗ ತಿಂಗಳಿಗೆ 58 ಯೂರೋ, 2026ರ ಜನವರಿಯಿಂದ 63. ಜರ್ಮನಿಯ ಸಿಟಿ ಬಸ್, ಟ್ರಾಮ್, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲಿಗೆ ಇಲ್ಲ. ಇದು ನಡೆಯುವುದು ಕ್ಯಾಲೆಂಡರ್ ತಿಂಗಳ ಲೆಕ್ಕದಲ್ಲಿ, ಆದ್ದರಿಂದ ಪ್ರವಾಸ ಪೂರ್ತಿ ಒಂದೇ ತಿಂಗಳೊಳಗೆ ಬರುವ ಹಾಗೆ ನೋಡಿಕೊಳ್ಳಿ. ಇನ್ನೊಂದು, ಇದು ತಾನಾಗೇ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ದುಡ್ಡು ಹೋಗುತ್ತದೆ. ನಾವು ಊರಿಂದ ಹೊರಡುವ ಮುಂಚೆಯೇ ರದ್ದು ಮಾಡಿದ್ದೆವು. ಆರು ದಾಟಿದ ಮಕ್ಕಳಿಗೂ ಇದರಲ್ಲಿ ಪೂರ್ತಿ ದುಡ್ಡು. ಆದರೆ ಐಸಿಇಯಲ್ಲಿ ಅಪ್ಪ ಅಮ್ಮನ ಜೊತೆ 14 ವರ್ಷದ ತನಕ ಮಕ್ಕಳಿಗೆ ಉಚಿತ. ಟಿಕೆಟ್ ಮಾಡುವಾಗಲೇ ಮಗುವನ್ನೂ ಸೇರಿಸಬೇಕು, ಅಷ್ಟೇ.

ನಾವು ಮಾಡಿದ ದೊಡ್ಡ ತಪ್ಪು ಭಾನುವಾರ ಇಳಿದದ್ದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮನೆ ತಲುಪಿದಾಗ ಹಾಲೂ ಇಲ್ಲ, ಮೊಸರೂ ಇಲ್ಲ. ಅಮ್ಮ ತಂದಿದ್ದ ಅವಲಕ್ಕಿ, ಸಾರಿನ ಪುಡಿ ಅವತ್ತು ಕಾಪಾಡಿತು. ಇಂಥ ಒಣ ಪುಡಿಗಳನ್ನು ಧಾರಾಳವಾಗಿ ತಗೊಂಡು ಹೋಗಿ. ತುಪ್ಪ, ಧಾರವಾಡ ಪೇಡ ಮಾತ್ರ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರುವಂತಿಲ್ಲ ಅನ್ನುವ ನಿಯಮ ಅಲ್ಲಿದೆ. ಹೊರಗೆ ತಿನ್ನುವಾಗ ಸಸ್ಯಾಹಾರಿಗಳು 'ಸ್ಪೆಕ್' ಅನ್ನುವ ಪದ ನೆನಪಿಟ್ಟುಕೊಳ್ಳಿ. ಅದು ಹಂದಿಮಾಂಸ. ಫ್ಲಾಮ್‌ಕೂಖನ್ ನೋಡಲು ತೆಳ್ಳಗಿನ ಪಿಜ್ಜಾ ತರಹ, ಮೇಲೆ ಸಾಮಾನ್ಯವಾಗಿ ಸ್ಪೆಕ್ ಹಾಕಿರುತ್ತಾರೆ. 'ಓನೆ ಸ್ಪೆಕ್' ಅಂದರೆ ಸ್ಪೆಕ್ ಬೇಡ ಅಂತ.

ಫ್ರೈಬುರ್ಗ್‌ನ ಹಳೇ ಪೇಟೆಯ ಬೀದಿಗಳಲ್ಲಿ 'ಬೆಖ್ಲೆ' ಅಂತ ಸಣ್ಣ ಕಾಲುವೆಗಳು ಹರಿಯುತ್ತವೆ. ಒಂದೆರಡು ಗೇಣು ಅಗಲ, ಒಳಗೆ ತಿಳಿನೀರು. ಮಕ್ಕಳು ದಾರ ಕಟ್ಟಿದ ಮರದ ದೋಣಿಯನ್ನು ಅದರಲ್ಲಿ ತೇಲಿಬಿಟ್ಟು ಜೊತೆಗೇ ಓಡುತ್ತಾರೆ. ಮಗಳಿಗೂ ಒಂದು ಕೊಡಿಸಿದೆವು. ಆರು ದಿನವೂ ಸಂಜೆ ಅವಳಿಗೆ ಅದೇ ಆಟ. ಅಮ್ಮ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಸ್ಟ್ರಾಸ್‌ಬುರ್ಗ್‌ಗೆ ಹೋಗುವುದು ಬಲು ಸುಲಭ. ಕೇಲ್ ತನಕ ಜರ್ಮನಿಯ ರೈಲು. ಅಲ್ಲಿ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸ್. ಟ್ರಾಮಿಗೆ ಬೇರೆ ಟಿಕೆಟ್ ತಗೊಳ್ಳಿ.

ನನ್ನ ಮನಸ್ಸಲ್ಲಿ ಉಳಿದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್. ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲೇ ಆ ಊರಿನ ಬಾಡಿಷರ್ ಬಾನ್‌ಹೋಫ್ ರೈಲು ನಿಲ್ದಾಣದ ತನಕ ಹೋಗಬಹುದು. ಅಲ್ಲಿ ರೈನ್ ದಾಟಲು ಮರದ ದೋಣಿಗಳಿವೆ. ಇಂಜಿನ್ ಇಲ್ಲ. ದಡದಿಂದ ದಡಕ್ಕೆ ಎಳೆದ ತಂತಿಗೆ ದೋಣಿಯನ್ನು ಹಗ್ಗದಿಂದ ಕಟ್ಟಿರುತ್ತಾರೆ. ಅಂಬಿಗ ದೋಣಿಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಹರಿಯುವ ನೀರೇ ಅದನ್ನು ಆಚೆಗೆ ತಳ್ಳುತ್ತದೆ. ಸದ್ದೇ ಇಲ್ಲ, ಹಲಗೆಗೆ ನೀರು ಬಡಿಯುವುದಷ್ಟೇ ಕೇಳುತ್ತದೆ. ಅಮ್ಮ ಹುಟ್ಟಿದ್ದು ತುಂಗಭದ್ರೆ ದಡದಲ್ಲಿ. "ನಮ್ಮ ಹರಿಗೋಲಿಗೆ ಹುಟ್ಟಾದರೂ ಬೇಕಿತ್ತು, ಇದಕ್ಕೆ ಅದೂ ಬೇಡ" ಅಂದರು. ಆಚೆ ದಡದಲ್ಲಿ ಚರ್ಚಿಗೆ ಹೋಗಲು ಮೆಟ್ಟಿಲು ಜಾಸ್ತಿ. ಅದಕ್ಕೆ ಅದೇ ದೋಣಿಯಲ್ಲೇ ವಾಪಸ್ ಬಂದೆವು.

ಸ್ವಿಟ್ಜರ್ಲೆಂಡ್ ಷೆಂಗೆನ್ ವೀಸಾ ನಡೆಯುವ ದೇಶ, ಆದರೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲೂ ಹೆಚ್ಚುವರಿ ದುಡ್ಡಿಲ್ಲದೆ ನಡೆಯುವ ಒಕ್ಕೂಟದ ರೋಮಿಂಗ್ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಬಾಸೆಲ್‌ನಲ್ಲಿ ಮ್ಯಾಪ್ ಹಾಕಿಕೊಂಡು ನಡೆದೆವು. ಸ್ವಲ್ಪ ಹೊತ್ತಿಗೇ ಸಿಮ್‌ನಲ್ಲಿದ್ದ ದುಡ್ಡೆಲ್ಲ ಖಾಲಿ. ಗಡಿ ದಾಟುವ ಮುಂಚೆ ಡೇಟಾ ಆಫ್ ಮಾಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಲಿಂಡಾವ್‌ನ ಹಳೇ ಊರು ಬೋಡೆನ್‌ಸೇ ಸರೋವರದೊಳಗಿನ ಒಂದು ದ್ವೀಪ. ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, ಇನ್ನೊಂದು ಕಡೆ ದೀಪಸ್ತಂಭ. ಅಲ್ಲಿಂದ ಆಸ್ಟ್ರಿಯಾದ ಬ್ರೆಗೆನ್ಸ್‌ಗೆ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ಬ್ರೆಗೆನ್ಸ್‌ನಿಂದ ಕೇಬಲ್ ಕಾರ್ ಹತ್ತಿದರೆ 1,064 ಮೀಟರ್ ಎತ್ತರದ ಫೆಂಡರ್ ಬೆಟ್ಟ. ಮಂಡಿನೋವಿನವರನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಮೋಡ ಇದ್ದರೆ ಮಾತ್ರ ಏನೂ ಕಾಣುವುದಿಲ್ಲ, ಅದಕ್ಕೆ ಮುಂಗಡ ಟಿಕೆಟ್ ಮಾಡದೆ ಬೆಳಿಗ್ಗೆ ಆಕಾಶ ನೋಡಿ ಹೊರಡಿ. ನಮಗೆ ಮೂರನೇ ದಿನ ತೆರವಾಯಿತು. ಸರೋವರ ಪೂರ್ತಿ ಕಾಲ ಕೆಳಗೆ. ಮೂರು ದೇಶ ಯಾವುದು ಯಾವುದು ಅಂತ ಮಗಳು ಅಜ್ಜಿಗೆ ಬೆರಳು ಮಾಡಿ ತೋರಿಸಿದಳು. ಅವತ್ತು ಬೇರೆಲ್ಲಿಗೂ ಹೋಗಲಿಲ್ಲ, ಕೊನೆಯ ದೋಣಿಯ ತನಕ ಅಲ್ಲೇ ಇದ್ದೆವು.