ಕುಂಬಳಕಾಯಿ ಕಳ್ಳ ಎಂದೊಡನೆ ಮೇಷ್ಟ್ರು ಹೆಗಲು ಮುಟ್ಟಿಕೊಂಡರು

ಆಷಾಢದ ಮಳೆಗೆ ಸಾಗರದಲ್ಲಿ ಮಧ್ಯಾಹ್ನವೇ ಸಂಜೆಯಾಗಿಬಿಡುತ್ತದೆ. ಹೋದ ವರ್ಷ ಅಂಥದೊಂದು ದಿನ ನನ್ನ ಅಂಗಡಿಯಲ್ಲಿ ಪಹಣಿ ತೆಗೆಸಲು ಬಂದವರು ನಾಲ್ಕು ಜನರಿದ್ದರು, ಪ್ಯಾನ್‌ಗೆ ಆಧಾರ್ ಜೋಡಿಸಲು ಬಂದವಳೊಬ್ಬಳಿದ್ದಳು. ಅವರೆಲ್ಲರ ಹಿಂದೆ ಗೋಡೆಗೆ ಒರಗಿ ನಮ್ಮ ಗಣಿತ ಮೇಷ್ಟ್ರು ನಿಂತಿದ್ದರು. ಅವರ ಕೊಡೆಯಿಂದ ಇಳಿದ ನೀರು ಜೆರಾಕ್ಸ್ ಯಂತ್ರದ ಬುಡದ ತನಕ ಹರಿದಿತ್ತು. ಎಂದೂ ಸಾಲಿನಲ್ಲಿ ನಿಂತವರಲ್ಲ ಅವರು. ಬಂದವರೇ "ಏ ಹುಡುಗಿ, ಇದೊಂದು ಮಾಡಿಕೊಡು" ಎಂದು ಮೇಜಿನ ಮೇಲೆ ಕಾಗದ ಇಡುತ್ತಾರೆ. ನನಗೆ ನಲವತ್ತೆರಡು ದಾಟಿದೆ. ಅವರ ಲೆಕ್ಕದಲ್ಲಿ ನಾನಿನ್ನೂ ಒಂಬತ್ತನೇ ತರಗತಿಯ ಎರಡನೇ ಬೆಂಚಿನಲ್ಲಿಯೇ ಇದ್ದೇನೆ. ಆ ದಿನ ಮಾತ್ರ ಯಾರು ಬಂದರೂ "ನೀವು ಮೊದಲು ಮುಗಿಸಿಕೊಳ್ಳಿ" ಎಂದು ದಾರಿ ಬಿಡುತ್ತಿದ್ದರು.

ಎಲ್ಲರೂ ಹೋದ ಮೇಲೆ ಅಂಗಡಿಯ ಶಟರನ್ನು ಅರ್ಧ ಎಳೆದರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ.

"2011ರಲ್ಲಿ ನನಗೆ ಇಮೇಲ್ ಮಾಡಿಕೊಟ್ಟವಳು ನೀನು. ಪಾಸ್‌ವರ್ಡ್ ಹಾಕಿಕೊಟ್ಟವಳೂ ನೀನೇ. ಅದನ್ನು ಯಾರಿಗಾದರೂ ಹೇಳಿದ್ದೀಯಾ?"

ಒಂಬತ್ತನೇ ತರಗತಿಯಲ್ಲಿ ಕಾಪಿ ಮಾಡಿ ಸಿಕ್ಕಿಬಿದ್ದಾಗಲೂ ನನ್ನ ಬಾಯಿ ಅಷ್ಟು ಒಣಗಿರಲಿಲ್ಲ. ಏಕೆಂದರೆ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಉದ್ದ ನೋಟ್‌ಪುಸ್ತಕ ಇತ್ತು. ಅಂಗಡಿ ತೆರೆದಂದಿನಿಂದ ನಾನು ಯಾರಿಗೆ ಇಮೇಲ್ ಮಾಡಿಕೊಟ್ಟರೂ, ಯಾರ ಅರ್ಜಿ ತುಂಬಿಕೊಟ್ಟರೂ, ಹೆಸರು ಮತ್ತು ಪಾಸ್‌ವರ್ಡ್ ಅದರಲ್ಲಿ ಬರೆದಿಡುತ್ತಿದ್ದೆ. ಜನ ಮರೆಯುತ್ತಾರೆ, ಮರೆತು ನನ್ನ ಬಳಿಯೇ ಬರುತ್ತಾರೆ ಎಂಬ ಸಮಜಾಯಿಷಿ ನನಗೆ ನಾನೇ ಹೇಳಿಕೊಂಡದ್ದು. ಮೇಷ್ಟ್ರ ಪಾಸ್‌ವರ್ಡ್ ಪುಸ್ತಕ ನೋಡದೆಯೂ ನನಗೆ ನೆನಪಿತ್ತು. ಇಂಗ್ಲಿಷ್ ಅಕ್ಷರದಲ್ಲಿ "ಗಣಿತ", ಅದರ ಮುಂದೆ ಅವರ ಹಳೆಯ ಬಜಾಜ್ ಚೇತಕ್‌ನ ನಾಲ್ಕು ಅಂಕಿ.

"ಇಲ್ಲ ಮೇಷ್ಟ್ರೇ" ಎಂದೆ. ನನ್ನ ದನಿಯನ್ನು ನಾನೇ ನಂಬಲಿಲ್ಲ. ಅವರು ಮೊಬೈಲ್ ತೆಗೆದು ನನ್ನ ಮುಂದೆ ಇಟ್ಟು, ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿ ನಿಂತರು.

ಇಂಗ್ಲಿಷಿನ ಪತ್ರ. ವಿಷಯದ ಸಾಲಿನಲ್ಲಿ ಬೇರೆ ಏನೂ ಇಲ್ಲ, ಆ ಪಾಸ್‌ವರ್ಡ್ ಮಾತ್ರ. ಒಳಗಿನ ಸಾರಾಂಶ ಹೀಗಿತ್ತು: ಇದು ನಿನ್ನ ಪಾಸ್‌ವರ್ಡ್ ಎಂದು ನನಗೆ ಗೊತ್ತು. ನೀನು ಒಂದು ಅಶ್ಲೀಲ ತಾಣ ನೋಡುತ್ತಿದ್ದಾಗ ನಿನ್ನ ಕಂಪ್ಯೂಟರಿನೊಳಗೆ ಹೊಕ್ಕೆ. ಪರದೆಯಲ್ಲಿ ನೀನು ನೋಡುತ್ತಿದ್ದದ್ದು ಒಂದು ಕಡೆ, ಕ್ಯಾಮೆರಾದಲ್ಲಿ ಕಂಡ ನೀನು ಇನ್ನೊಂದು ಕಡೆ, ಎರಡನ್ನೂ ಸೇರಿಸಿ ವಿಡಿಯೋ ಮಾಡಿದ್ದೇನೆ. 48 ಗಂಟೆಯೊಳಗೆ ಬಿಟ್‌ಕಾಯಿನ್‌ನಲ್ಲಿ 1200 ಡಾಲರ್ ಕಳುಹಿಸದಿದ್ದರೆ ನಿನ್ನ ಪರಿಚಯದವರಿಗೆಲ್ಲ ಅದು ತಲುಪುತ್ತದೆ. ನೀನು ಈ ಪತ್ರ ತೆರೆದದ್ದೂ ನನಗೆ ತಿಳಿಯುತ್ತದೆ. ಕೊನೆಯಲ್ಲಿ ಅರ್ಥವಾಗದ ಉದ್ದನೆಯ ಅಕ್ಷರಗಳ ಸರ.

ಇಂಥ ಪತ್ರಗಳ ಬಗ್ಗೆ ನನಗೆ ಗೊತ್ತಿತ್ತು. 2018ರ ಜುಲೈ ಹೊತ್ತಿಗೆ ನಿಜವಾದ ಹಳೆಯ ಪಾಸ್‌ವರ್ಡ್ ಹೊತ್ತ ಇವು ಜಗತ್ತಿನಾದ್ಯಂತ ಸುರಿಯತೊಡಗಿದ್ದವು. ಆದರೆ ನನ್ನ ಎದುರು ನಿಂತವರು ಮೂರು ರಾತ್ರಿ ನಿದ್ದೆಗೆಟ್ಟಿದ್ದರು. "ಇದೆಲ್ಲ ಸುಳ್ಳು" ಎಂದು ಒಂದೇ ಮಾತಿನಲ್ಲಿ ಹೇಳಿದೆ. ಅವರು ತಿರುಗದೆಯೇ ಕೇಳಿದರು: "ಪಾಸ್‌ವರ್ಡ್ ಸುಳ್ಳೇ?"

ಈ ಪತ್ರದ ಕಸುಬೆಲ್ಲ ಇರುವುದು ಆ ಪ್ರಶ್ನೆಯಲ್ಲಿಯೇ. ಇಪ್ಪತ್ತು ಸಾಲಿನಲ್ಲಿ ಒಂದು ಸಾಲು ನಿಜ. ಆ ಒಂದು ನಿಜವನ್ನು ತಲೆಬಾಗಿಲಲ್ಲಿ ನಿಲ್ಲಿಸಿ, ಉಳಿದ ಹತ್ತೊಂಬತ್ತನ್ನು ಅದರ ಬೆನ್ನ ಹಿಂದೆ ಒಳಗೆ ನುಗ್ಗಿಸುತ್ತಾರೆ. ದತ್ತಾಂಶದಿಂದ ಸಾಧನೀಯಕ್ಕೆ ಒಂದೊಂದೇ ಹೆಜ್ಜೆ ಇಡು, ನಡುವೆ ಹಾರಬೇಡ ಎಂದು ನಮಗೆ ಕೋಲು ಹಿಡಿದು ಕಲಿಸಿದವರೇ ಇಲ್ಲಿ ಒಂದೇ ನೆಗೆತಕ್ಕೆ ಆಚೆ ದಡ ಸೇರಿದ್ದರು.

ಮೊದಲು ಪಾಸ್‌ವರ್ಡ್ ಎಲ್ಲಿಂದ ಹೋಯಿತು ಎಂಬುದನ್ನು ತೋರಿಸಬೇಕಿತ್ತು. ಅವರಿಗಾಗಿ ಅಷ್ಟೇ ಅಲ್ಲ, ನನಗಾಗಿ ಕೂಡ. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಭದ್ರತಾ ತಜ್ಞ 2013ರಿಂದ ನಡೆಸುತ್ತಿರುವ "ಹ್ಯಾವ್ ಐ ಬೀನ್ ಪ್ವನ್ಡ್" ಎಂಬ ತಾಣವಿದೆ. ಅಲ್ಲಿ ನಮ್ಮ ಇಮೇಲ್ ವಿಳಾಸ ಹಾಕಿದರೆ, ಅದು ಯಾವ ಯಾವ ಕಳವಿನಲ್ಲಿ ಸಿಕ್ಕಿಬಿದ್ದಿದೆ ಎಂದು ಹೇಳುತ್ತದೆ. ದುಡ್ಡು ಕೇಳುವುದಿಲ್ಲ, ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಮೇಷ್ಟ್ರ ವಿಳಾಸ ಹಾಕಿದೆ. ಎರಡು ಕಳವು. ಅದರಲ್ಲಿ ಒಂದು ಗಣಿತದ ಒಗಟುಗಳ ತಾಣ. "ಹೌದು, ಅದಕ್ಕೆ ಸೇರಿದ್ದೆ, ಬಹಳ ಹಿಂದೆ" ಎಂದರು. ಅಲ್ಲಿಯೂ ಅದೇ ಪಾಸ್‌ವರ್ಡ್ ಹಾಕಿದ್ದಿರಾ ಎಂದು ಕೇಳಿದೆ. "ಬೇರೆ ಯಾವುದು ಹಾಕಲಿ? ನನಗಿರುವುದು ಒಂದೇ ಸ್ಕೂಟರ್."

ಆಗ ಕುಳಿತರು. ನಾನೂ ಉಸಿರು ಬಿಟ್ಟೆ.

ದೊಡ್ಡ ದೊಡ್ಡ ತಾಣಗಳಿಗೇ ಹೀಗಾಗಿದೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳುವಾದ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳು 2016ರಲ್ಲಿ ಕಳ್ಳಸಂತೆಗೆ ಮಾರಾಟಕ್ಕೆ ಬಂದವು. 2019ರ ಜನವರಿಯಲ್ಲಿ "ಕಲೆಕ್ಷನ್ 1" ಎಂಬ ಗಂಟು ಹೊರಬಿದ್ದಾಗ ಅದರಲ್ಲಿ 77 ಕೋಟಿಗೂ ಹೆಚ್ಚು ಇಮೇಲ್ ವಿಳಾಸಗಳಿದ್ದವು. ಆ ಗಂಟನ್ನು ಇಟ್ಟುಕೊಂಡವನಿಗೆ ಮೇಷ್ಟ್ರು ಯಾರೋ, ಸಾಗರ ಎಲ್ಲಿದೆಯೋ ಗೊತ್ತಿಲ್ಲ. ಒಂದು ತಂತ್ರಾಂಶ ಪಟ್ಟಿಯಿಂದ ವಿಳಾಸ ಎತ್ತುತ್ತದೆ, ಪಕ್ಕದ ಪಾಸ್‌ವರ್ಡನ್ನು ಪತ್ರದಲ್ಲಿ ಅಂಟಿಸುತ್ತದೆ, ಕಳುಹಿಸುತ್ತದೆ. ಫಾರ್ಪಿಯೆಕ್ಸ್ ಎಂಬ ಜಾಲ ಗಂಟೆಗೆ 30,000ದಷ್ಟು ಇಂಥ ಪತ್ರಗಳನ್ನು ಕಳುಹಿಸುತ್ತಿತ್ತೆಂದು, ಐದು ತಿಂಗಳಲ್ಲಿ 14ಕ್ಕೂ ಹೆಚ್ಚು ಬಿಟ್‌ಕಾಯಿನ್ ಗಳಿಸಿತೆಂದು ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿತ್ತು. ಅದೂ ಬೇರೆಯವರ ಕಂಪ್ಯೂಟರುಗಳನ್ನು ವಶಪಡಿಸಿಕೊಂಡು ಅವುಗಳಿಂದಲೇ ಕಳುಹಿಸುವುದು, ಅವುಗಳ ಮಾಲೀಕರಿಗೇ ತಿಳಿಯದಂತೆ.

"ಇನ್ನೊಂದು ಮಾತು ಮೇಷ್ಟ್ರೇ. ಮನೆಯಲ್ಲಿ ನೀವು ಉಪಯೋಗಿಸುವುದು ಮಗ ಬಿಟ್ಟುಹೋದ ಆ ಹಳೆಯ ಕಂಪ್ಯೂಟರ್ ತಾನೇ? ಅದಕ್ಕೆ ಕ್ಯಾಮೆರಾ ಎಲ್ಲಿದೆ?"

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಅದಕ್ಕೆ ಕ್ಯಾಮೆರಾ ಇರಲಿಲ್ಲ. ಎಂದೂ ಇರಲಿಲ್ಲ. ಮೂರು ದಿನ ಅದರ ಎದುರೇ ಕುಳಿತು, ಇಲ್ಲದ ಕಣ್ಣೊಂದು ತಮ್ಮನ್ನು ನೋಡಿತೆಂದು ಆ ಮನುಷ್ಯ ಬೆವರಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೇವಲ್ಲ, ಆ ಗಾದೆಯನ್ನು ನಾನು ಅಲ್ಲಿಯ ತನಕ ಕಳ್ಳನನ್ನು ಹಿಡಿಯುವ ಉಪಾಯವೆಂದೇ ತಿಳಿದಿದ್ದೆ. ಸಂತೆಯಲ್ಲಿ ನಿಂತು ಜೋರಾಗಿ ಕೂಗಿದರೆ ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ ಎಂಬುದು ಈಗ ತಿಳಿಯಿತು. ಬೂದಿ ಇದೆಯೋ ಇಲ್ಲವೋ, ಕೈ ತಾನಾಗಿ ಮೇಲೆ ಹೋಗುತ್ತದೆ. ಮೇಷ್ಟ್ರು ಏನಾದರೂ ನೋಡಿದ್ದರೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪತ್ರ ಬರೆದವನಿಗೂ ಅದು ಬೇಕಾಗಿಲ್ಲ. ಅವನು ಖಾಲಿ ಜಾಗ ಬಿಟ್ಟು ಕಳುಹಿಸಿರುತ್ತಾನೆ. ಓದಿದವರು ತಮ್ಮ ತಮ್ಮ ಗುಟ್ಟನ್ನು ತಾವೇ ಅಲ್ಲಿ ತುಂಬಿಕೊಳ್ಳುತ್ತಾರೆ.

ಅವರನ್ನು ಪೂರ್ತಿ ಎಬ್ಬಿಸಿ ನಿಲ್ಲಿಸಿದ್ದು ಮಾತ್ರ ನನ್ನ ವಿವರಣೆಯಲ್ಲ, ಆ ಉದ್ದನೆಯ ಅಕ್ಷರಗಳ ಸರ. ಅದು ದುಡ್ಡು ಹಾಕಬೇಕಾದ ಬಿಟ್‌ಕಾಯಿನ್ ವಿಳಾಸ. ಬಿಟ್‌ಕಾಯಿನ್‌ನ ಖಾತೆ ಪುಸ್ತಕ ಇಡೀ ಜಗತ್ತಿಗೆ ತೆರೆದದ್ದು. ಯಾವ ವಿಳಾಸಕ್ಕೆ ಎಷ್ಟು ಬಂತು, ಎಂದು ಬಂತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಆ ವಿಳಾಸ ಯಾರದು ಎಂಬುದಷ್ಟೇ ಅಲ್ಲಿ ಇರುವುದಿಲ್ಲ. ಪತ್ರದಲ್ಲಿದ್ದ ವಿಳಾಸವನ್ನು ಹಾಗೆಯೇ ನಕಲು ಮಾಡಿ ಹುಡುಕಿದೆ. ಬೇರೆ ಬೇರೆ ದೇಶದ ಹತ್ತಾರು ಜನ ಇದೇ ವಿಳಾಸ ತಮಗೂ ಬಂದಿದೆ ಎಂದು ದೂರು ಬರೆದಿದ್ದರು. ಖಾತೆಯಲ್ಲಿ ಎರಡು ಜಮಾ ಕಾಣಿಸಿತು. ಎಲ್ಲೋ ಇಬ್ಬರು ಹೆದರಿ ಕೊಟ್ಟಿದ್ದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ನಿಮಿಷ ತಾಳು. ಎಲ್ಲರಿಗೂ ಇದೇ ವಿಳಾಸ ಕೊಟ್ಟಿದ್ದಾನೆ. ದುಡ್ಡು ಹಾಕಿದವನ ಹೆಸರು ಇಲ್ಲಿ ಬರುವುದಿಲ್ಲ. ಹಾಗಾದರೆ ಹಾಕಿದವನು ನಾನೋ, ಇನ್ನೊಬ್ಬನೋ ಎಂದು ಅವನಿಗೆ ಗೊತ್ತಾಗುವುದು ಹೇಗೆ?"

"ಗೊತ್ತಾಗುವುದಿಲ್ಲ ಮೇಷ್ಟ್ರೇ."

"ಗೊತ್ತಾಗದಿದ್ದರೆ ನನ್ನ ವಿಡಿಯೋ ಒಂದನ್ನೇ ಅಳಿಸುವುದು ಹೇಗೆ? ಅಳಿಸಲಾರ. ಅಳಿಸಲಾರದವನು ಅಳಿಸುತ್ತೇನೆ ಎನ್ನುತ್ತಿದ್ದಾನೆ." ಮೇಜಿನ ಮೇಲಿದ್ದ ಪೆನ್ನು ಎತ್ತಿ, ಬಿದ್ದಿದ್ದ ಹಾಳೆಯ ಮೇಲೆ ಒಂದು ಗೆರೆ ಎಳೆದರು. ಪ್ರಮೇಯ ಮುಗಿದಾಗ ಕಪ್ಪುಹಲಗೆಯ ಮೇಲೆ ಎಳೆಯುತ್ತಿದ್ದ ಅದೇ ಗೆರೆ.

ಇಷ್ಟಾದ ಮೇಲೆ ಬಾಯಿಬಿಟ್ಟರು: ದುಡ್ಡು ಕಳುಹಿಸಲು ಹೊರಟಿದ್ದರಂತೆ. ಲಕ್ಷ ರೂಪಾಯಿಯ ಆಸುಪಾಸು, ಅಡಿಕೆ ಮಾರಿ ಬಂದದ್ದು. ಕ್ರಿಪ್ಟೋ ಕೊಳ್ಳುವ ಆ್ಯಪ್ ಒಂದನ್ನು ಇಳಿಸಿಕೊಂಡು, ಪ್ಯಾನ್ ಹಾಕಿ, ಮುಖದ ಫೋಟೊ ತೆಗೆಯುವಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆಧಾರ್‌ನಲ್ಲಿರುವ ಮುಖಕ್ಕೂ ಈಗಿನ ಮುಖಕ್ಕೂ ಹೊಂದುತ್ತಿಲ್ಲ ಎಂದು ಅದು ಐದು ಸಲ ತಿರಸ್ಕರಿಸಿತಂತೆ. ಆಧಾರ್ ಫೋಟೊವನ್ನು ನಾನು ಬಾಯಿತುಂಬ ಬೈದವಳೇ. ಅಂದು ಒಂದು ನಮಸ್ಕಾರ ಹಾಕಿದೆ. ಬ್ಯಾಂಕಿನಿಂದಲೋ ಯುಪಿಐನಿಂದಲೋ ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅದು ಮುಂದಕ್ಕೆ ಹೋಗುವ ಮೊದಲೇ ತಡೆಹಿಡಿಸುವ ಅವಕಾಶವಾದರೂ ಇದೆ. ಬಿಟ್‌ಕಾಯಿನ್ ಹೋದರೆ ಹೋಯಿತು, ಹಿಂದೆ ಕರೆಯಲು ನಡುವೆ ಯಾವ ಮ್ಯಾನೇಜರನೂ ಕುಳಿತಿರುವುದಿಲ್ಲ. ಅದಕ್ಕೇ ಈ ವಂಚಕರು ಅದನ್ನು ಕೇಳುವುದು.

ಮಾಡಿದ ಕೆಲಸ ಬಹಳವೇನಿಲ್ಲ. ಪತ್ರಕ್ಕೆ ಉತ್ತರ ಬರೆಯಲಿಲ್ಲ. ಅದರ ಚಿತ್ರ ತೆಗೆದಿಟ್ಟು, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಹಳೆಯ ಪಾಸ್‌ವರ್ಡ್ ಇದ್ದ ಕಡೆಯೆಲ್ಲ ಹೊಸದು, ಒಂದೊಂದಕ್ಕೆ ಒಂದೊಂದು, ಇಮೇಲ್‌ಗೆ ಎರಡು ಹಂತದ ಪರಿಶೀಲನೆ. ಮೇಷ್ಟ್ರ ಪತ್ರದಲ್ಲಿ ಯಾವ ಕಡತವೂ ಕೊಂಡಿಯೂ ಇರಲಿಲ್ಲ, ಅದು ಪುಣ್ಯ. 2018ರ ಕೊನೆಯಲ್ಲಿ "ನಿನ್ನ ವಿಡಿಯೋ ಇಲ್ಲಿದೆ, ನೋಡಿಕೋ" ಎಂಬ ಕೊಂಡಿ ಒತ್ತಿದವರ ಕಂಪ್ಯೂಟರಿಗೆ ಗ್ಯಾಂಡ್‌ಕ್ರ್ಯಾಬ್ ಎಂಬ ಕುತಂತ್ರಾಂಶ ಇಳಿದು, ಕಡತಗಳಿಗೆಲ್ಲ ಬೀಗ ಹಾಕಿತ್ತು. ಬೆದರಿಕೆ ಸುಳ್ಳಾದರೂ ಕೊಂಡಿ ನಿಜವಿರಬಹುದು.

ನನಗೂ ಇಂಥದೊಂದು ಬಂದಿದೆ. ಕಳುಹಿಸಿದವರ ಜಾಗದಲ್ಲಿ ನನ್ನ ಅಂಗಡಿಯದೇ ವಿಳಾಸ: ನೋಡು, ನಿನ್ನ ಖಾತೆಯಿಂದಲೇ ನಿನಗೆ ಬರೆಯುತ್ತಿದ್ದೇನೆ, ಪೆಗಾಸಸ್ ಹಾಕಿದ್ದೇನೆ ಎಂದು. ಇಮೇಲ್ ಸಾಗಿಸುವ ಪದ್ಧತಿ 1982ರಷ್ಟು ಹಳೆಯದು. ಇನ್‌ಲ್ಯಾಂಡ್ ಪತ್ರದ ಹಿಂದೆ "ಇವರಿಂದ" ಎಂದು ಯಾರ ಹೆಸರು ಬರೆದರೂ ಅಂಚೆಯವನು ತಕರಾರು ತೆಗೆಯುತ್ತಿರಲಿಲ್ಲವಲ್ಲ, ಇದೂ ಹಾಗೆಯೇ ಹುಟ್ಟಿತು. ಪರಿಶೀಲನೆಯ ಏರ್ಪಾಡುಗಳನ್ನು ಆಮೇಲೆ ಹೊಲಿದು ಸೇರಿಸಿದ್ದಾರೆ. ಪೆಗಾಸಸ್ ಎಂದರೆ ಸರ್ಕಾರಗಳಿಗೆ ಮಾತ್ರ ಮಾರುತ್ತೇವೆಂದು ತಯಾರಕರು ಹೇಳಿಕೊಳ್ಳುವ ಬೇಹುಗಾರಿಕೆಯ ತಂತ್ರಾಂಶ. ಪಹಣಿ ತೆಗೆದುಕೊಡುವ ನನ್ನ ಮೇಲೆ ಅದನ್ನು ಖರ್ಚು ಮಾಡುವಷ್ಟು ದೊಡ್ಡ ಮನುಷ್ಯಳು ನಾನಾದೆನಲ್ಲ ಎಂದು ಗಂಡನಿಗೆ ಓದಿ ಹೇಳಿ ನಕ್ಕೆವು.

ನಗಲಾಗದ ಪ್ರಕರಣವೂ ಒಂದಿದೆ. ಡಿಸೆಂಬರಿನಲ್ಲಿ ಒಬ್ಬ ಕಾಲೇಜು ಹುಡುಗ ಬಂದ. ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ಹೆಣ್ಣಿನ ವಿಡಿಯೋ ಕರೆ, ಅದನ್ನು ಅವರು ದಾಖಲಿಸಿಕೊಂಡದ್ದು, ಆಮೇಲೆ ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡವನ ಕರೆ. ಅವನ ವಿಡಿಯೋ ನಿಜವಾಗಿಯೂ ಅವರ ಕೈಯಲ್ಲಿತ್ತು. ಅವನಿಗೆ ಅದರ ತುಣುಕು ಕಳುಹಿಸಿದ್ದರು. ಇದು ಮೇಷ್ಟ್ರ ಪತ್ರದಂತೆ ಗಾಳಿಗುದ್ದಲ್ಲ. ಎರಡು ಸಲ ಕೊಟ್ಟಿದ್ದ, ಮೂರನೆಯ ಸಲಕ್ಕೆ ಬೈಕು ಮಾರಲು ಹೊರಟಿದ್ದ. ಕೊಟ್ಟಷ್ಟೂ ಕೇಳುತ್ತಾರೆ. ಅವನ ಅಕ್ಕನನ್ನು ಕರೆಸಿದೆ, ಇಬ್ಬರೂ ಶಿವಮೊಗ್ಗದ ಸೈಬರ್ ಠಾಣೆಗೆ ಹೋದರು. ಹದಿನೆಂಟು ದಾಟಿದವರಿಗೆ "ಸ್ಟಾಪ್ ಎನ್‌ಸಿಐಐ" ಎಂಬ ತಾಣವಿದೆ. ವಿಡಿಯೋ ನಮ್ಮ ಫೋನಿನಲ್ಲಿಯೇ ಉಳಿಯುತ್ತದೆ, ಅದರ ಬೆರಳಚ್ಚಿನಂಥ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗಿ, ಅಲ್ಲಿ ಅದನ್ನು ತಡೆಯಲು ನೆರವಾಗುತ್ತದೆ. ಅವನ ಬಳಿಯಿದ್ದ ತುಣುಕನ್ನು ಅಕ್ಕನೇ ಕುಳಿತು ಅಲ್ಲಿ ದಾಖಲಿಸಿದಳು. ಆ ಹುಡುಗಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಂಥ ಅಕ್ಕ ಎಲ್ಲರಿಗೂ ಇರುವುದಿಲ್ಲ.

ಮೇಷ್ಟ್ರು ಪತ್ರ ತೋರಿಸಿ ಹೋದ ದಿನವೇ ರಾತ್ರಿ ಆ ಉದ್ದ ನೋಟ್‌ಪುಸ್ತಕವನ್ನು ಮನೆಗೆ ತಂದು, ಬಚ್ಚಲ ಒಲೆಗೆ ಹಾಕಿದೆ. ಮಳೆಗಾಲದ ಥಂಡಿಗೆ ಹಾಳೆಗಳು ಮೆತ್ತಗಾಗಿ ಬೇಗ ಹತ್ತಲಿಲ್ಲ. ಒಣ ಅಡಿಕೆ ಸಿಪ್ಪೆ ಸುರಿದು ಊದಬೇಕಾಯಿತು. ವಾರ ಬಿಟ್ಟು ಮೇಷ್ಟ್ರು ಬಂದು, ಸಾಲನ್ನೆಲ್ಲ ದಾಟಿ, ಮೇಜಿನ ಮೇಲೆ ಕಾಗದ ಇಟ್ಟರು. "ಹೊಸ ಪಾಸ್‌ವರ್ಡ್ ಚೆನ್ನಾಗಿದೆ. ನಿನಗೆ ಹೇಳುವುದಿಲ್ಲ" ಎಂದರು.

ಉಳಿದ ಗಿರಾಕಿಗಳು ಅಷ್ಟು ಸಮಾಧಾನದವರಲ್ಲ. ಮೊನ್ನೆ ತಾಳಗುಪ್ಪದ ಕಡೆಯ ಹೆಂಗಸೊಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿಗೆಂದು ಬಂದು, "ಅಕ್ಕಾ, ನಮ್ಮ ಪಾಸ್‌ವರ್ಡ್ ಪುಸ್ತಕದಲ್ಲಿ ನೋಡಿ" ಎಂದರು. ಪುಸ್ತಕ ಇಲ್ಲ, ಸುಟ್ಟುಬಿಟ್ಟೆ ಎಂದೆ. "ನಮ್ಮದನ್ನು ಯಾರನ್ನು ಕೇಳಿ ಸುಟ್ಟಿರಿ?" ಎಂದು ಅವರು ಅರ್ಧ ಗಂಟೆ ಬೈದರು. ಓಟಿಪಿ ಬರುವ ಸಿಮ್ ಅವರ ಗಂಡನ ಬಳಿ ಇತ್ತು, ಗಂಡ ತೋಟದಲ್ಲಿದ್ದ, ತೋಟದಲ್ಲಿ ಸಿಗ್ನಲ್ ಇರಲಿಲ್ಲ.